ಹಳೇ ಸೆಟ್ ಕೊಳ್ಳುವಾಗ ರೇಟಿಗಿಂತ ಮೊದಲು ನಂಬರ್ ನೋಡಿ

ಹುಬ್ಬಳ್ಳಿಯ ಮೊಬೈಲ್ ಅಂಗಡಿಗಳಲ್ಲಿ ‘ಸೆಟ್’ ಅಂದರೆ ಫೋನ್ ಮಾತ್ರ, ಸಿಮ್ ಲೆಕ್ಕಕ್ಕಿಲ್ಲ. ನಾವು ಎಲ್ಲರಿಗೂ ಕೊಡುವ 10 ಅಂಕಿಯ ನಂಬರ್ ಸಿಮ್ಮಿನದು. ಸೆಟ್ಟಿಗೆ ಅದರದೇ ಆದ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಎಷ್ಟು ಸಿಮ್ ಬದಲಿಸಿದರೂ ಅದು ಹಾಗೇ ಉಳಿಯುತ್ತದೆ. ಕಳವಿನ ಮಾಲು ಸಿಕ್ಕಿಬೀಳುವುದೂ ಇದರಿಂದಲೇ.

‘ಸೆಟ್ ಚೊಲೋ ಐತ್ರೀ, ಏನೂ ರಿಪೇರಿ ಇಲ್ಲ’ ಎಂದು ಮಾರುವವರು ಹೇಳಲಿ. ನೀವು ಮೊದಲು ಡಯಲ್ ಪ್ಯಾಡ್ ತೆರೆದು *#06# ಒತ್ತಿ. ಕಾಲ್ ಬಟನ್ ಒತ್ತುವುದು ಬೇಕಿಲ್ಲ, ನಂಬರ್ ತಾನೇ ಬರುತ್ತದೆ. ಎರಡು ಸಿಮ್ಮಿನ ಸೆಟ್ಟಿನಲ್ಲಿ ಎರಡು ನಂಬರ್ ಕಾಣುತ್ತವೆ, ಎರಡನ್ನೂ ಬರೆದುಕೊಳ್ಳಿ.

ಈಗ ಬಿಲ್ ಮತ್ತು ಡಬ್ಬಿಯ ಸ್ಟಿಕರ್ ಜೊತೆ ಒಂದೊಂದೇ ಅಂಕಿ ಹೋಲಿಸಿ. ಕೊನೆಯ ನಾಲ್ಕು ಅಂಕಿ ನೋಡಿ ಬಿಡಬೇಡಿ. ತಾಳೆಯಾಗದಿದ್ದರೆ ಡಬ್ಬಿ ಬೇರೆ ಸೆಟ್ಟಿನದಿರಬಹುದು, ಒಳಗಿನ ಬೋರ್ಡ್ ಬದಲಾಗಿರಬಹುದು, ಇಲ್ಲವೇ ನಂಬರನ್ನೇ ತಿದ್ದಿರಬಹುದು. ಬೋರ್ಡ್ ಬದಲಾಗಿದೆ ಎಂದರೆ ಸರ್ವಿಸ್ ಸೆಂಟರಿನ ಕಾಗದ ಕೇಳಿ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಮುಂದಿನದು ಮೆಸೇಜ್. ನಿಮ್ಮ ಫೋನಿನಿಂದ ಇಂಗ್ಲಿಷಿನ ಕೆ, ವೈ, ಎಂ ಅಕ್ಷರ ಬರೆದು, ಒಂದು ಸ್ಪೇಸ್ ಬಿಟ್ಟು, 15 ಅಂಕಿ ಹಾಕಿ 14422ಕ್ಕೆ ಕಳಿಸಿ. ಉತ್ತರದಲ್ಲಿ ಬರುವ ಕಂಪನಿ, ಮಾಡೆಲ್ ಕೈಯಲ್ಲಿರುವ ಸೆಟ್ಟಿನದೇ ಆಗಿರಬೇಕು. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಮೆಸೇಜ್ ತಡವಾದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲೂ ನೋಡಬಹುದು.

ಜನ ಹೆಚ್ಚು ಮೋಸ ಹೋಗುವುದು ಲಾಕ್ ವಿಷಯದಲ್ಲಿ. ಗೂಗಲ್ ಅಕೌಂಟ್ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದ ಸೆಟ್ ಆನ್ ಆಗುತ್ತಲೇ ಹಳೇ ಅಕೌಂಟ್ ಕೇಳುತ್ತದೆ. ಐಫೋನಿನಲ್ಲಿ ಕಳೆದ ಫೋನ್ ಹುಡುಕುವ ‘ಫೈಂಡ್ ಮೈ’ ಆಫ್ ಆಗಿರಬೇಕು. ಹಾಗಾಗಿ ಮಾರುವವರಿಂದಲೇ ಅಕೌಂಟ್ ತೆಗೆಸಿ, ಎದುರಿಗೇ ಸೆಟ್ಟಿಂಗ್ಸಿನಿಂದ ರೀಸೆಟ್ ಮಾಡಿಸಿ, ಹೋಮ್ ಸ್ಕ್ರೀನ್ ಬರುವವರೆಗೆ ದುಡ್ಡು ಕೊಡಬೇಡಿ. ಕಂತಿನಲ್ಲಿ ಕೊಂಡ ಸೆಟ್ಟಾದರೆ ಸಾಲ ತೀರಿದೆ ಎಂದು ಫೈನಾನ್ಸಿನವರು ಕೊಡುವ ಎನ್‌ಒಸಿ ಪತ್ರ ಬೇಕೇ ಬೇಕು. ಕಂತು ಬಾಕಿ ಉಳಿದರೆ ಫೈನಾನ್ಸಿನವರು ದೂರದಿಂದಲೇ ಲಾಕ್ ಮಾಡಬಲ್ಲರು.

ಕೊನೆಗೆ ನಿಮ್ಮ ಸಿಮ್ ಹಾಕಿ ಒಂದು ಕಾಲ್ ಮಾಡಿ, ಚಾರ್ಜರ್ ಚುಚ್ಚಿ ನೋಡಿ. ಹಿಂಬದಿ ಕವರ್ ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ ಎಂದೇ ಅರ್ಥ, ಅದು ಅಪಾಯ ಕೂಡ. ಮಾರಿದವರ ಹೆಸರು, ಸಹಿ, ಐಎಂಇಐ ಇರುವ ಚೀಟಿ ತೆಗೆದುಕೊಳ್ಳಿ.

ಮುಂದೆ ಸೆಟ್ ಕಳೆದುಹೋದರೆ ಪೊಲೀಸ್ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ಪಡೆದು, ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಬೇಕಾಗುತ್ತದೆ. ಓಟಿಪಿ ಆ ಸಿಮ್ಮಿಗೇ ಬರುತ್ತದೆ. ಆಗ ಸಿಗುವ ರಿಕ್ವೆಸ್ಟ್ ಐಡಿ ಜೋಪಾನವಾಗಿಡಿ. ಸೆಟ್ ಮರಳಿ ಸಿಕ್ಕಾಗ ಅನ್‌ಬ್ಲಾಕ್ ಮಾಡಿಸಲು ಅದು ಬೇಕು.