ಸೊಂಟದ ಎಂಆರ್‌ಐ ಓದುವ ಮೊದಲು ಕಾಲಿನ ನೋವು ಕೇಳುತ್ತೇನೆ

ನಾನು ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಓದಿ ರಿಪೋರ್ಟ್ ಬರೆಯುವ ಡಾಕ್ಟರ್, ಮಲೆನಾಡಿನ ಒಂದು ಊರಲ್ಲಿ ಕೆಲಸ. ಹಿಂದೊಮ್ಮೆ ಅಡಿಕೆ ತೋಟದವರೊಬ್ಬರು ಸೊಂಟದ ಸ್ಕ್ಯಾನ್‌ಗೆ ಬಂದಿದ್ದರು. ಚೀಟಿಯಲ್ಲಿ ‘ಸೊಂಟ ನೋವು’ ಅಂತ ಮಾತ್ರ ಇತ್ತು. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ (ಎಲ್4-ಎಲ್5) ನಡುವಿನ ಮೆತ್ತೆ, ಅಂದರೆ ಡಿಸ್ಕ್, ಎಡಕ್ಕೆ ಉಬ್ಬಿದ್ದು ಕಣ್ಣಿಗೆ ಹೊಡೆಯುವಂತಿತ್ತು, ಅದನ್ನೇ ಬರೆದು ಮುಗಿಸಿದೆ. ಸಂಜೆ ಮೂಳೆ ಡಾಕ್ಟರ ಫೋನ್ ಬಂತು. "ಅವರಿಗೆ ನೋವಿರೋದು ಬಲಗಾಲಲ್ಲಿ, ನೀವು ಎಡಕ್ಕೆ ಅಂತ ಬರೆದಿದೀರಲ್ಲ?"

ರೋಗಿಯ ಕೈಗೇ ಫೋನ್ ಕೊಡಿ ಅಂದೆ. "ತೊಡೆ ಪಕ್ಕದಲ್ಲಿ ಇಳಿದು, ಮೊಣಕಾಲ ಕೆಳಗೆ ಹೊರಬದಿಗೆ ಬಂದು, ಪಾದದ ಮೇಲೆ ಹಾದು ಹೆಬ್ಬೆರಳಿಗೆ ಹೋಗ್ತದೆ ಸಾರ್." ಇದು ಐದನೇ ಮೂಳೆಯ ಕೆಳಗಿಂದ ಹೊರಬರುವ ಎಲ್5 ನರದ ದಾರಿ!

ಅದೇ ಸ್ಕ್ಯಾನ್ ಮತ್ತೆ ತೆರೆದು ನೋಡಿದೆ. ಈ ಸಲ ಪಕ್ಕದಿಂದ ತೆಗೆದ ಟಿ1 ಚಿತ್ರಗಳನ್ನು (ಕೊಬ್ಬು ಬೆಳ್ಳಗೆ ಕಾಣುವ ಬಗೆ) ಒಂದೊಂದಾಗಿ ಬಲಕ್ಕೆ ಸರಿಸುತ್ತಾ ಹೋದೆ. ನರ ಹೊರಬರುವ ಕಿಂಡಿಯಲ್ಲಿ ಬಿಳಿ ಕೊಬ್ಬು ತುಂಬಿರುತ್ತದೆ, ನಡುವೆ ಕಪ್ಪು ಚುಕ್ಕಿಯ ಹಾಗೆ ನರ. ಮೇಲಿನ ಕಿಂಡಿಗಳೆಲ್ಲ ಹಾಗೇ ಇದ್ದವು. ಎಲ್5-ಎಸ್1ರ, ಅಂದರೆ ಐದನೇ ಮೂಳೆಗೂ ಅದರ ಕೆಳಗಿನದಕ್ಕೂ ನಡುವಿನ ಕಿಂಡಿಯಲ್ಲಿ ಮಾತ್ರ ಬಿಳಿಯೇ ಇಲ್ಲ. ಡಿಸ್ಕ್ ಸವೆದು ಕುಸಿದಿತ್ತು, ಹಿಂದಿನ ಕೀಲು ದಪ್ಪಗಾಗಿತ್ತು, ಎರಡರ ನಡುವೆ ನರ ಸಿಕ್ಕಿಕೊಂಡಿತ್ತು. ಅದೇ ಸಂಜೆ ರಿಪೋರ್ಟ್ ತಿದ್ದಿ ಕಳಿಸಿದೆ. ಎಡಗಡೆಯ ಉಬ್ಬಿಗೂ ಅವರ ನೋವಿಗೂ ಸಂಬಂಧ ಇರಲಿಲ್ಲ.

ಆವತ್ತಿಂದ ಸ್ಕ್ಯಾನ್‌ಗೆ ಮುಂಚೆ ಕಾಲಿನ ಚಿತ್ರ ಇರುವ ಹಾಳೆ ಕೊಟ್ಟು, ನೋವು ಇಳಿಯುವ ದಾರಿಯನ್ನು ಪೆನ್ನಲ್ಲಿ ಗೆರೆ ಎಳೆಸುತ್ತೇವೆ. ಹಾಳೆ ಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ. ಟಿ2 ಅನ್ನುವ ಇನ್ನೊಂದು ಬಗೆಯ ಚಿತ್ರದಲ್ಲಿ ನೀರಿರುವ ಡಿಸ್ಕ್ ಬೆಳ್ಳಗೆ, ಒಣಗಿದ್ದು ಕಪ್ಪಗೆ ಕಾಣುತ್ತದೆ. ವಯಸ್ಸಾದ ಹಾಗೆ ಎಳನೀರಿನ ಗಂಜಿ ಕೊಬ್ಬರಿಯಾದಂತೆ ಅದು ಒಣಗುತ್ತದೆ, ಕಪ್ಪು ಡಿಸ್ಕ್ ಕಂಡಿತು ಅಂತ ಸುಮ್ನೆ ಹೆದರಬೇಕಿಲ್ಲ. 1994ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಬೆನ್ನು ನೋವೇ ಇಲ್ಲದ 98 ಜನಕ್ಕೆ ಎಂಆರ್‌ಐ ಮಾಡಿದ್ದರು, ಅವರಲ್ಲಿ 52 ಶೇಕಡಾ ಜನಕ್ಕೆ ಒಂದಾದರೂ ಡಿಸ್ಕ್ ಉಬ್ಬಿತ್ತು. ನೋವಿಲ್ಲದವರಲ್ಲೇ ಇಷ್ಟು ಅಂದಮೇಲೆ, ಬರೀ ಚಿತ್ರ ನೋಡಿ ಆಪರೇಷನ್ ಮಾತಾಡೋದು ತಪ್ಪು ಅಲ್ವಾ?

ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿಯುತ್ತದೆ, ಕೂತರೆ ಸರಿಹೋಗುತ್ತದೆ ಅಂದವರಲ್ಲಿ ಬೆನ್ನುಮೂಳೆಯೊಳಗೆ ನರಗಳು ಇಳಿಯುವ ಕೊಳವೆ ಕಿರಿದಾಗಿದೆಯಾ ಅಂತ ಅಡ್ಡ ಚಿತ್ರಗಳಲ್ಲಿ ಹುಡುಕುತ್ತೇನೆ. ಎಂಆರ್‌ಐ ಮಲಗಿಸಿ ತೆಗೆಯೋದು, ನಿಂತಾಗ ಮೂಳೆ ಜಾರುವುದು ತಪ್ಪಿಹೋಗಬಹುದು, ಅನುಮಾನ ಬಂದರೆ ನಿಂತ ಎಕ್ಸ್‌ರೇ ಕೇಳುತ್ತೇನೆ. ಹಾಳೆಯ ಕೆಳಗೆ ಎರಡು ಪ್ರಶ್ನೆ ಇವೆ: ಮೂತ್ರ ಕಟ್ಟುತ್ತಿದೆಯಾ, ಕೂರುವ ಜಾಗ ಮರಗಟ್ಟಿದೆಯಾ. ಹೌದು ಅಂತಿದ್ದರೆ ಕೆಳಗಿನ ನರಗಳ ಗೊಂಚಲೇ ಒತ್ತಿಹೋಗಿರಬಹುದು, ಆ ಸ್ಕ್ಯಾನ್ ಸರದಿಯಲ್ಲಿ ಕಾಯುವುದಿಲ್ಲ. ಮೊದಲು ಅದನ್ನೇ ನೋಡಿ, ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ.