ಬೈಪಾಸ್ ಆದಮೇಲೆ: ಎದುರಿಗೆ ಕೂತು ಏನು ಕಲಿಯಬೇಕು, ಆ್ಯಪ್‌ಗೆ ಏನು ಬಿಡಬೇಕು

ಹೃದಯದ ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಆದವರಿಗೆ ಡಿಸ್ಚಾರ್ಜ್ ದಿನ ಹೇಳುವ ಮಾತು ಅರ್ಧಕ್ಕರ್ಧ ತಲೆಗೆ ಹೋಗುವುದಿಲ್ಲ. ನೋವು, ನಿದ್ದೆಗೆಟ್ಟ ಕಣ್ಣು, ಬಿಲ್ಲಿನ ಗಡಿಬಿಡಿ, ಇದರ ಮಧ್ಯೆ ಯಾರಿಗೆ ತಾನೇ ನೆನಪಿರುತ್ತೆ? ಹಾಗಂತ ಮನೆಗೆ ಹೋಗಿ ಮೊಬೈಲಿನ ಆರೋಗ್ಯ ಆ್ಯಪ್ ನೋಡಿಕೊಂಡರಾಯಿತು ಅಂತ ಎದ್ದುಬರಬೇಡಿ. ಮೈಯಿಂದ ಮಾಡಿ ಕಲಿಯಬೇಕಾದ್ದನ್ನೆಲ್ಲ ಆಸ್ಪತ್ರೆಯಲ್ಲೇ ಕಲಿಯಿರಿ. ದಿನಾ ನೆನಪಿಡಬೇಕಾದ್ದನ್ನು ಆ್ಯಪ್‌ಗೆ ಬಿಡಿ.

ಮಂಚದಿಂದ ಏಳುವುದನ್ನೇ ನೋಡಿ. ಎದೆಮೂಳೆಯನ್ನು ಸೀಳಿ ತಂತಿ ಬಿಗಿದಿರುತ್ತಾರೆ, ಅದು ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಅಲ್ಲಿವರೆಗೆ ಕೈಗೆ ಭಾರ ಹಾಕಿ ಏಳಬಾರದು, ಮಗ್ಗುಲಿಗೆ ಹೊರಳಿ ಕಾಲು ಇಳಿಬಿಟ್ಟು ಏಳಬೇಕು, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು, ತುಂಬಿದ ಬಿಂದಿಗೆ ಎತ್ತುವ ಮಾತೇ ಇಲ್ಲ. ವಿಡಿಯೋ ಇದನ್ನೆಲ್ಲ ತೋರಿಸುತ್ತದೆ, ಆದರೆ ನೀವು ತಪ್ಪು ಮಾಡಿದರೆ ತಿದ್ದುವುದಿಲ್ಲ. ಫಿಸಿಯೋಥೆರಪಿಸ್ಟ್ ಮುಂದೆ ಒಮ್ಮೆ ಮಾಡಿ ತೋರಿಸಿ. ಮನೆಯಲ್ಲಿ ನೋಡಿಕೊಳ್ಳುವವರೂ ಪಕ್ಕದಲ್ಲಿರಲಿ. ಫಿಸಿಯೋ ಅವರನ್ನು ಕೇಳಿಕೊಂಡು ಅದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಮನೆಗೆ ಬಂದಮೇಲೆ ಮಾತ್ರೆಯ ಅಲಾರಂ, ಬಿಪಿ, ನಡೆದ ನಿಮಿಷ, ಬೆಳಗಿನ ತೂಕ, ಇಷ್ಟು ಆ್ಯಪ್‌ನಲ್ಲಿದ್ದರೆ ಸಾಕು. ತೂಕ ಮಾತ್ರ ತಪ್ಪಿಸಬೇಡಿ. ತಿಂಡಿಗೆ ಮೊದಲೇ ನೋಡಿ. ಒಂದೇ ದಿನದಲ್ಲಿ 1 ಕಿಲೋ ಅಥವಾ ವಾರದಲ್ಲಿ 2 ಕಿಲೋ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿರಬಹುದು, ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.

ನಾಡಿಬಡಿತದ ವಿಷಯದಲ್ಲಿ ಮಾತ್ರ ಆ್ಯಪ್ ಹೇಳಿದ್ದನ್ನು ಸುಮ್ನೆ ನಂಬಬೇಡಿ. ಆಪರೇಷನ್ ಆದ ಬಹಳಷ್ಟು ಜನರಿಗೆ ಮೆಟೊಪ್ರೊಲಾಲ್ ತರಹದ ಮಾತ್ರೆ ಕೊಟ್ಟಿರುತ್ತಾರೆ, ಅದು ಬಡಿತವನ್ನು ತಗ್ಗಿಸಿಯೇ ಇಡುತ್ತದೆ; ವಯಸ್ಸಿನ ಲೆಕ್ಕದಲ್ಲಿ ಗುರಿ ಹಾಕುವ ವಾಚು ಇನ್ನೂ ಜೋರಾಗಿ ನಡಿ ಅನ್ನುತ್ತದೆ, ನೀವು ಅದರ ಮಾತು ಕೇಳಿ ಸುಸ್ತಾಗುತ್ತೀರಿ. ನಡೆಯುತ್ತಾ ಪಕ್ಕದವರ ಜೊತೆ ಆರಾಮಾಗಿ ಮಾತಾಡಲು ಆಗಬೇಕು. ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ನಿಮ್ಮ ಗುರಿ ಎಷ್ಟು ಅಂತ ಫಿಸಿಯೋ ಹತ್ತಿರ ಕೇಳಿ, ಆ ಸಂಖ್ಯೆಯನ್ನೇ ಆ್ಯಪ್‌ಗೆ ಹಾಕಿ.

ಆಸ್ಪತ್ರೆಯದೇ ಆ್ಯಪ್ ಆದರೆ ಮೊದಲ ದಿನವೇ ಒಂದು ಪ್ರಶ್ನೆ ಕೇಳಿಬಿಡಿ: ನಾವು ಬರೆದದ್ದನ್ನು ಯಾರಾದರೂ ನೋಡುತ್ತಾರಾ, ಎಷ್ಟು ದಿನಕ್ಕೊಮ್ಮೆ? ಯಾರೂ ನೋಡುವುದಿಲ್ಲ ಅಂದರೂ ಪರವಾಗಿಲ್ಲ, ಅದು ಗೊತ್ತಿರಬೇಕು ಅಷ್ಟೇ. ಆಗ ಪ್ರತಿ ಚೆಕಪ್‌ಗೂ ಮೊಬೈಲ್ ಹಿಡಿದು ಹೋಗಿ ತೂಕ, ಬಿಪಿ ಎರಡನ್ನೂ ಡಾಕ್ಟರಿಗೆ ನೀವೇ ತೋರಿಸಿ. ಆ್ಯಪ್ ಬರೀ ಇಂಗ್ಲಿಷಿನಲ್ಲಿದ್ದು ಅಪ್ಪ ಅಮ್ಮನಿಗೆ ಓದಲು ಆಗದಿದ್ದರೆ, ಅದರಲ್ಲಿರುವುದನ್ನು ಕನ್ನಡದಲ್ಲಿ ಹೇಳಿ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ.

ಗಾಯದಲ್ಲಿ ಕೀವು, 100.4 ಡಿಗ್ರಿ ದಾಟಿದ ಜ್ವರ, ಎದೆಮೂಳೆ ಲಟಕ್ ಅಂದಂತೆ ಆಗುವುದು, ಇವುಗಳಿಗೆ ಅವತ್ತೇ ಆಸ್ಪತ್ರೆಗೆ ತಿಳಿಸಿ. ಎದೆ ಹಿಂಡಿದಂತಾದರೆ, ಕೂತಲ್ಲೇ ಉಸಿರು ಸಿಗದಿದ್ದರೆ, ಎಚ್ಚರ ತಪ್ಪಿದರೆ ಆ್ಯಪ್‌ನಲ್ಲಿ ಟೈಪ್ ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.