ಕಕ್ಕಡದಲ್ಲಿ ಮಳೆಯೇ ಇಲ್ಲ ಎಂದ ಇಂಡೆಕ್ಸ್

ನಮ್ಮಪ್ಪ ದಿನಾ ಬೆಳಿಗ್ಗೆ ತೋಟದ ಮಳೆ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುತ್ತಿದ್ದರು. ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಎಂದು, ಕೊಡಗಿನ ತೋಟದವರು ಬರೆಯುವ ಹಾಗೆಯೇ. ಅವುಗಳಲ್ಲಿ ಕೆಲವು ವರ್ಷದ ಡೈರಿಗಳನ್ನು ನಾನು ಡೇಟಾಬೇಸಿನ ಟೇಬಲ್ಲಿಗೆ ಹಾಕಿಟ್ಟುಕೊಂಡಿದ್ದೇನೆ. ಕೆಲಸದಲ್ಲಿ ಏನನ್ನಾದರೂ ಪರೀಕ್ಷಿಸಬೇಕೆಂದರೆ ನನಗೆ ಅದೇ ಡೇಟಾ. ನಾನೇ ಕೂತು ಟೈಪ್ ಮಾಡಿದ್ದರಿಂದ ಯಾವ ತಿಂಗಳಿಗೆ ಎಷ್ಟು ಬರಬೇಕು ಎಂಬುದು ಹೆಚ್ಚುಕಡಿಮೆ ಬಾಯಿಪಾಠ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ 9.6ನೇ ಆವೃತ್ತಿಯಿಂದ ಈಚೆಗೆ ಹೊಸ ಬಗೆಯ ಇಂಡೆಕ್ಸನ್ನೇ, ಅಂದರೆ ಬೇಕಾದ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಯನ್ನೇ, ಎಕ್ಸ್‌ಟೆನ್ಶನ್ (ಹೊರಗಿನಿಂದ ಜೋಡಿಸುವ ಭಾಗ) ಆಗಿ ಸೇರಿಸಬಹುದು. ಅಂಥದೊಂದನ್ನು ಸಿ ಭಾಷೆಯಲ್ಲಿ ಬರೆಯುವ ತಂಡದಲ್ಲಿ ನಾನಿದ್ದೇನೆ. ಕೆಲಸವೆಲ್ಲ ಮಡಿಕೇರಿ ಹತ್ತಿರದ ಮನೆಯಿಂದಲೇ. ಒಂದು ದಿನ ತಿಂಗಳುಗಳ ಪುಟ್ಟ ಟೇಬಲ್ಲನ್ನು ಮಳೆ ಟೇಬಲ್ಲಿಗೆ ಜಾಯಿನ್ ಮಾಡಿ, ಅಂದರೆ ಎರಡರ ಸಾಲುಗಳನ್ನು ಹೊಂದಿಸಿ ನೋಡಿದೆ. ಟೇಬಲ್ ಚಿಕ್ಕದಾದರೆ, ಸಾಲುಗಳನ್ನು ಹುಡುಕುವ ದಾರಿಯನ್ನು ಆರಿಸುವ ಪ್ಲ್ಯಾನರ್ ಇಂಡೆಕ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಅದಕ್ಕಿರುವ ಬೇರೆ ದಾರಿಗಳಾದ ಸೀಕ್ವೆನ್ಶಿಯಲ್ ಸ್ಕ್ಯಾನ್, ಹ್ಯಾಶ್ ಜಾಯಿನ್, ಮರ್ಜ್ ಜಾಯಿನ್ ಮೂರನ್ನೂ ಆಫ್ ಮಾಡಿದ್ದೆ. ಜೂನ್ ತಿಂಗಳ ಸಾಲುಗಳು ಸರಿಯಾಗಿ ಬಂದವು. ಜುಲೈಗೆ ಒಂದೂ ಇಲ್ಲ. ಆಗಸ್ಟಿಗೂ ಇಲ್ಲ.

ಜುಲೈ–ಆಗಸ್ಟಿನಲ್ಲಿ ಬರುವ ಕೊಡಗಿನ ಕಕ್ಕಡ ತಿಂಗಳಲ್ಲಿ ಮಳೆಯೇ ಇಲ್ಲವಂತೆ! ಮದ್ದು ಸೊಪ್ಪು ಕೊಯ್ದು ತರಲು ಕೊಡೆ ಇಲ್ಲದೆ ಅಂಗಳ ದಾಟಲಾಗದ ತಿಂಗಳದು. ಎರರ್ ಬಂದಿರಲಿಲ್ಲ, ಲಾಗ್‌ನಲ್ಲಿ ಒಂದಕ್ಷರವೂ ಇರಲಿಲ್ಲ. ಇಂಡೆಕ್ಸ್ ಸ್ಕ್ಯಾನ್ ಆಫ್ ಮಾಡಿ ಅದೇ ಕ್ವೆರಿ ಓಡಿಸಿದರೆ ಎಲ್ಲ ಸಾಲುಗಳೂ ಹಾಜರು. ಬೇರೆ ಯಾರದೋ ಡೇಟಾ ಆಗಿದ್ದರೆ ನನಗೆ ಅನುಮಾನವೇ ಬರುತ್ತಿರಲಿಲ್ಲ.

ಕೋಡ್ ತೆರೆದು ನೋಡಿದಾಗ ಮೂರು ಜಾಗಗಳು ಕಣ್ಣಿಗೆ ಬಿದ್ದವು. ಸ್ಕ್ಯಾನ್ ಮುಗಿದ ಕೂಡಲೇ ಮೆಮೊರಿ ಉಳಿಸಲೆಂದು ಅದರ ಸ್ಥಿತಿ ಇದ್ದ ಮೆಮೊರಿಯನ್ನು ಬಿಡುಗಡೆ ಮಾಡಿ, ಆ ಜಾಗದ ವಿಳಾಸ ಹಿಡಿದಿಡುವ ಪಾಯಿಂಟರನ್ನು ಕೋಡ್ ಬರೆದವರು ನಲ್ (ಯಾವ ವಿಳಾಸವೂ ಇಲ್ಲ) ಮಾಡಿದ್ದರು. ತಪ್ಪು ಇದ್ದದ್ದು ಅಲ್ಲಿ. ನೆಸ್ಟೆಡ್ ಲೂಪ್ ಜಾಯಿನ್‌ನಲ್ಲಿ ಹೊರಗಿನ ಪ್ರತಿ ಸಾಲಿಗೂ ಒಳಗಿನ ಸ್ಕ್ಯಾನನ್ನು ಮತ್ತೆ ಮೊದಲಿಂದ ಶುರು ಮಾಡಬೇಕು. ಹಾಗೆ ಶುರು ಮಾಡುವ ಫಂಕ್ಷನ್ನಿನ ಮೊದಲ ಸಾಲೇ ‘ಪಾಯಿಂಟರ್ ನಲ್ ಆಗಿದ್ದರೆ ಏನೂ ಮಾಡದೆ ವಾಪಸ್ ಹೋಗು’. ಮುಂದಿನ ಸಾಲನ್ನು ತಂದುಕೊಡುವ ಫಂಕ್ಷನ್ನಿನಲ್ಲಿ ‘ನಲ್ ಆಗಿದ್ದರೆ ಫಾಲ್ಸ್ ಎನ್ನು’. ಇಂಡೆಕ್ಸ್ ಕೋಡಿನಲ್ಲಿ ಫಾಲ್ಸ್ ಎಂದರೆ ‘ಇನ್ನು ಸಾಲುಗಳಿಲ್ಲ’ ಎಂದರ್ಥ. ಆ ಎರಡು ಚೆಕ್ ಇಲ್ಲದಿದ್ದರೆ ಮೊದಲ ಜಾಯಿನ್‌ಗೇ ಪ್ರೋಗ್ರಾಂ ಕ್ರ್ಯಾಶ್ ಆಗಿ, ಬರೆದವರ ಮೇಜಿನ ಮೇಲೆಯೇ ತಪ್ಪು ಸಿಕ್ಕಿಬೀಳುತ್ತಿತ್ತು. ಚೆಕ್ ಇದ್ದದ್ದರಿಂದ ಕ್ರ್ಯಾಶ್ ಹೋಗಿ ಸುಳ್ಳು ಉತ್ತರ ಬಂತು. ಡೇಟಾಬೇಸಿಗೆ ಇದಕ್ಕಿಂತ ದೊಡ್ಡ ಕೇಡು ನನಗೆ ತೋಚುವುದಿಲ್ಲ.

ಅಲ್ಲಿಂದ ಮುಂದೆ ಇಡೀ ಎಕ್ಸ್‌ಟೆನ್ಶನ್ನಿನ ನಲ್ ಚೆಕ್‌ಗಳನ್ನು ಒಂದೊಂದಾಗಿ ಹಿಡಿದು ಕೂತೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ನಲ್ ಆಗಿ ಬರಲು ದಾರಿ ಇದೆಯೇ? ಉತ್ತರಕ್ಕೆ, ಆ ಪಾಯಿಂಟರ್ ಎಲ್ಲಿಂದ ಬಂತೋ ಆ ಫಂಕ್ಷನ್ನನ್ನೇ ಓದಬೇಕು. ಮೆಮೊರಿ ಕೇಳಿ ಪಡೆಯುವ ಪೋಸ್ಟ್‌ಗ್ರೆಸ್‌ನ ಫಂಕ್ಷನ್ ಪಾಲಾಕ್. ಮೆಮೊರಿ ಸಿಗದಿದ್ದರೆ ಅದು ನಲ್ ಕೊಡುವುದಿಲ್ಲ, ತಾನೇ ಎರರ್ ಎಸೆಯುತ್ತದೆ. ಸಿ ಭಾಷೆಯ ಮಾಲಾಕ್ ಫಂಕ್ಷನ್ ಮೆಮೊರಿ ಸಿಗದಿದ್ದರೆ ನಲ್ ಕೊಡುತ್ತದೆ; ಆ ಅಭ್ಯಾಸದಲ್ಲಿ ಅದರ ಕೆಳಗೆ ಬರೆದಿದ್ದ ಚೆಕ್‌ಗಳೆಲ್ಲ ಬೇಡದವು, ತೆಗೆದೆ. ಇನ್ನು ಕೆಲವು ಕಡೆ ಪಾಯಿಂಟರನ್ನು ಬಳಸಿ ಆದಮೇಲೆ ಅದು ನಲ್ಲೇ ಎಂದು ಕೇಳಿದ್ದರು. ಅಂಥದ್ದನ್ನು ಜಿಸಿಸಿ ಎಂಬ ಸಿ ಕಂಪೈಲರ್ ಆಪ್ಟಿಮೈಸ್ ಮಾಡುವಾಗ ತಾನಾಗಿಯೇ ಅಳಿಸಿಹಾಕಬಹುದು. 2009ರಲ್ಲಿ ಲಿನಕ್ಸ್ ಕರ್ನಲ್ಲಿನ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಹೀಗೆಯೇ ಆಗಿ, ಅದು ಭದ್ರತೆಯ ದೊಡ್ಡ ಲೋಪವಾಗಿತ್ತು.

ಒಂದು ಕಡೆ ನಾನೇ ಎಡವಿದೆ. ಮೆಮೊರಿಯನ್ನು ವಾಪಸ್ ಕೊಡುವ ಸಿ ಭಾಷೆಯ ಫ್ರೀ ಫಂಕ್ಷನ್ನಿಗೆ ನಲ್ ಕೊಟ್ಟರೂ ಏನೂ ಆಗುವುದಿಲ್ಲ. ಅದೇ ಕೆಲಸದ ಪೋಸ್ಟ್‌ಗ್ರೆಸ್ ಫಂಕ್ಷನ್ ಪಿಫ್ರೀ ಕೂಡ ಹಾಗೆಯೇ ಎಂದುಕೊಂಡು ಅದರ ಮುಂದಿದ್ದ ಚೆಕ್‌ಗಳನ್ನು ತೆಗೆದುಬಿಟ್ಟೆ. ಪಿಫ್ರೀಗೆ ನಲ್ ಕೊಡುವ ಹಾಗಿಲ್ಲ. ಟೆಸ್ಟ್ ಓಡಿಸಿದ್ದೇ ಸರ್ವರ್ ಬಿತ್ತು. ಅವನ್ನು ವಾಪಸ್ ಹಾಕಿದೆ. ಪೋಸ್ಟ್‌ಗ್ರೆಸ್‌ನ ಬಿ-ಟ್ರೀ (ಪುಟಗಳನ್ನು ಮರದಂತೆ ಜೋಡಿಸಿದ ಇಂಡೆಕ್ಸ್) ಕೋಡನ್ನು ಆಮೇಲೆ ನಿಧಾನವಾಗಿ ಓದಿದೆ. ಅಲ್ಲಿ ಪುಟ ತುಂಬಿ ಎರಡಾಗಿ ಒಡೆದಾಗ ಮೇಲಿನ ಪುಟವನ್ನು ಹುಡುಕಲು ಬಳಸುವ ಸ್ಟ್ಯಾಕ್ (ಇಳಿದು ಬಂದ ದಾರಿಯ ಪಟ್ಟಿ) ನಲ್ ಆಗಿರಬಹುದು. ನಾವು ಕೆಳಗಿಳಿದಾಗ ಮರದ ಬೇರಿನ ಪುಟವೇ (ರೂಟ್) ಎಲೆಯೂ ಆಗಿತ್ತು, ಅಷ್ಟರಲ್ಲಿ ಬೇರೊಬ್ಬರು ಅದನ್ನು ಒಡೆದು ಮರವನ್ನು ಎತ್ತರಿಸಿದ್ದಾರೆ ಎಂದು ಅದರ ಅರ್ಥ. ಆ ಚೆಕ್ಕಿಗೆ ಕೆಲಸವಿದೆ, ಪಕ್ಕದಲ್ಲಿ ಕಾರಣ ಬರೆದ ಕಾಮೆಂಟೂ ಇದೆ.

ತಂಡಕ್ಕೆ ಹೊಸದಾಗಿ ಸೇರಿದ ಗೋಣಿಕೊಪ್ಪದ ಹುಡುಗಿ ಫೋನಿನಲ್ಲಿ ಕೇಳಿದಳು: “ಸರ್, ಡೈರಿ ಖಾಲಿ ಬಿಟ್ಟ ದಿನಗಳಿಗೋಸ್ಕರ ಈ ಚೆಕ್ ಹಾಕಿದ್ದಲ್ವಾ?”

ಒಳ್ಳೆಯ ಪ್ರಶ್ನೆ. “ಅದು ಬೇರೆ ನಲ್ ಕಣಮ್ಮಾ,” ಎಂದೆ. ಬರೆಯದೆ ಬಿಟ್ಟ ದಿನದ ಮಳೆ ಸೊನ್ನೆಯಲ್ಲ, ಗೊತ್ತಿಲ್ಲ ಎಂದು; ಅದು ಡೇಟಾಬೇಸಿನ ಕ್ವೆರಿ ಭಾಷೆಯಾದ ಎಸ್‌ಕ್ಯೂಎಲ್‌ನ ನಲ್. ಇಂಡೆಕ್ಸಿಗೆ ಸಾಲು ಸೇರಿಸುವಾಗ ಪೋಸ್ಟ್‌ಗ್ರೆಸ್ ಅದನ್ನು ಬೇರೆಯೇ ಬೂಲಿಯನ್ (ಹೌದು–ಇಲ್ಲ) ಪಟ್ಟಿಯಲ್ಲಿ ತಿಳಿಸುತ್ತದೆ. ಪಾಯಿಂಟರಿಗೂ ಅದಕ್ಕೂ ಸಂಬಂಧವಿಲ್ಲ. ಎರಡಕ್ಕೂ ಒಂದೇ ಹೆಸರಿರುವುದರಿಂದ ಎಷ್ಟೋ ಬೇಡದ ಚೆಕ್‌ಗಳು ಹುಟ್ಟಿವೆ ಎಂದು ನನಗನ್ನಿಸುತ್ತದೆ.

ಬೆಂಗಳೂರಿನ ಹಿರಿಯ ಸಹೋದ್ಯೋಗಿಯೊಬ್ಬರು ಚೆಕ್ ತೆಗೆಯುವುದಕ್ಕೆ ಒಪ್ಪಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪ್ರೊಸೆಸ್ ಕ್ರ್ಯಾಶ್ ಆದರೆ ಉಳಿದ ಎಲ್ಲ ಕನೆಕ್ಷನ್‌ಗಳೂ ಕಡಿದು ರಿಕವರಿ ಆಗುತ್ತದೆ, ಗ್ರಾಹಕರ ಗತಿ ಏನು ಎಂದರು. ಮಾತು ನ್ಯಾಯವಾದದ್ದೇ. ಆದ್ದರಿಂದ ಎಲ್ಲವನ್ನೂ ಬರಿದೆ ಕಿತ್ತುಹಾಕಲಿಲ್ಲ. ನಲ್ ಬರಲು ದಾರಿಯೇ ಇಲ್ಲದ ಕಡೆ ಅಸರ್ಟ್ (ನಂಬಿದ್ದು ಸುಳ್ಳಾದರೆ ಅಲ್ಲೇ ನಿಲ್ಲಿಸುವ ಸಾಲು) ಇಟ್ಟೆವು. ಅದು ಡೆವಲಪರ್ ಬಿಲ್ಡಿನಲ್ಲಿ ಮಾತ್ರ ಓಡುತ್ತದೆ. ಡಿಸ್ಕಿನಲ್ಲಿ ಪುಟ ಕೆಟ್ಟಿದ್ದರೆ ನಲ್ ಬರಬಹುದಾದ ಕಡೆ, ಇಂಡೆಕ್ಸಿನ ಹೆಸರು ಮತ್ತು ಪುಟದ ಸಂಖ್ಯೆ ಸಮೇತ ಎರರ್ ಎಸೆಯುವಂತೆ ಮಾಡಿದೆವು. ಸದ್ದಿಲ್ಲದೆ ಫಾಲ್ಸ್ ಎನ್ನುವ ಸಾಲು ಈಗ ಒಂದೂ ಇಲ್ಲ.

ಜೂನ್, ಜುಲೈ, ಆಗಸ್ಟ್ ಮೂರರ ಆ ಜಾಯಿನ್ ಹಳೆಯ ತಪ್ಪು ಮರುಕಳಿಸದಂತೆ ನೋಡುವ ನಮ್ಮ ರಿಗ್ರೆಶನ್ ಟೆಸ್ಟುಗಳಲ್ಲಿ ಸೇರಿದೆ, ಅಪ್ಪನ ಇಂಚು ಸೆಂಟುಗಳ ಸಮೇತ.